ಖಾಲಿ ಕಾಣಿಸುವ ಸೆಲ್ ಖಾಲಿ ಅಲ್ಲ: ಶೀಟಿನಲ್ಲಿ ಲೆಕ್ಕ ಇಡುವವರು ದಯವಿಟ್ಟು ಓದಿ

ಎಕ್ಸೆಲ್‌ನಲ್ಲಿ ಸಂಘದ್ದೋ ಚೀಟಿಯದ್ದೋ ಲೆಕ್ಕ ಇಡುವವರಿಗೆ ಇದನ್ನು ಹೇಳಲೇಬೇಕು. ವಾರ ತಪ್ಪದೆ ದುಡ್ಡು ಕಟ್ಟಿದ್ದ ಒಬ್ಬ ಅಕ್ಕನ ಹೆಸರನ್ನು "ಏನೂ ಕಟ್ಟಿಲ್ಲ" ಅಂತ ಎಲ್ಲರ ಮುಂದೆ ಓದಿಬಿಟ್ಟೆ. ತಪ್ಪು ನನ್ನ ಫಾರ್ಮುಲಾದಲ್ಲಿತ್ತು.

ನಮ್ಮದು 18 ಜನರ ಸ್ವಸಹಾಯ ಸಂಘ, ವಾರಕ್ಕೆ 100 ರೂಪಾಯಿ ಉಳಿತಾಯ. ಬೀದಿಗೊಬ್ಬರು ದುಡ್ಡು ಕಲೆಕ್ಟ್ ಮಾಡಿ ತಮ್ಮ ಶೀಟಿನಲ್ಲಿ ಬರೆಯುತ್ತಾರೆ, ಅದನ್ನೆಲ್ಲ ವಿಲುಕಪ್ (ಬೇರೆ ಶೀಟಿನಿಂದ ಹುಡುಕಿ ತರುವ ಫಾರ್ಮುಲಾ) ಹಾಕಿ ಒಂದೇ ಕಡೆ ತರುವುದು ನನ್ನ ಕೆಲಸ. ಒಬ್ಬರಿಗೆ ಒಂದು ಸಾಲು, ಮೂರು ತಿಂಗಳಿಗೆ 13 ವಾರ, ಅಂದರೆ ಸಿ2ರಿಂದ ಓ2ವರೆಗೆ 13 ಸೆಲ್. ಕಟ್ಟದ ವಾರ ಸೊನ್ನೆ ಬರೋದು ಬೇಡ, ಖಾಲಿ ಕಾಣಲಿ ಅಂತ ಫಾರ್ಮುಲಾದಲ್ಲಿ ಎರಡು ಕೋಟ್ಸ್ ("") ಹಾಕಿದ್ದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

13 ಸೆಲ್‌ಗಳೂ ಖಾಲಿ ಇದ್ದರೆ ಹೆಸರು ತೋರಿಸು ಅಂತ ಮೊದಲು, ತುಂಬಿದ ಸೆಲ್ ಎಣಿಸುವ ಕೌಂಟ್‌ಎ ಬಳಸಿದೆ, ಉತ್ತರ ಸೊನ್ನೆ ಬಂದರೆ ಖಾಲಿ ಅಂತ. ಆದರೆ ಕೌಂಟ್‌ಎ, ಫಾರ್ಮುಲಾ ಇರುವ ಸೆಲ್ಲನ್ನು ಏನೂ ಕಾಣಿಸದಿದ್ದರೂ ತುಂಬಿದೆ ಅಂತಲೇ ಎಣಿಸುತ್ತದೆ. ಎಲ್ಲರಿಗೂ 13 ಬಂತು, ಪಟ್ಟಿಯಲ್ಲಿ ಒಂದು ಹೆಸರೂ ಬರಲಿಲ್ಲ. ಒಬ್ಬರು ಮೂರು ತಿಂಗಳಿಂದ ಕಟ್ಟಿಲ್ಲ ಅಂತ ಗೊತ್ತಾಗಿದ್ದು ದುಡ್ಡು ಎಣಿಸುವಾಗ 1,300 ರೂಪಾಯಿ ಕಡಿಮೆ ಬಂದಾಗ.

ಗಾಬರಿಯಲ್ಲಿ ಕೌಂಟ್‌ಎ ತೆಗೆದು ಕೌಂಟ್ ಹಾಕಿದೆ. ಅದು ಇನ್ನೂ ಕೆಟ್ಟ ಕೆಲಸ. ಕೌಂಟ್ ಎಣಿಸುವುದು ಸಂಖ್ಯೆಗಳನ್ನು ಮಾತ್ರ. ಆ ಅಕ್ಕ ಪ್ರತಿ ವಾರ ಫೋನಿನಿಂದಲೇ ದುಡ್ಡು ಕಳಿಸಿ "100 ರೂ" ಅಂತ ಮೆಸೇಜ್ ಹಾಕುತ್ತಿದ್ದರು, ಕಲೆಕ್ಟ್ ಮಾಡುವವರು ಅದನ್ನು ಹಾಗೇ ಕಾಪಿ ಮಾಡಿ ಸೆಲ್‌ಗೆ ಪೇಸ್ಟ್ ಮಾಡಿದ್ದರು. ಪಕ್ಕದಲ್ಲಿ "ರೂ" ಇದ್ದರೆ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ. ಹಾಗಾಗಿ ಅವರ ಸಾಲಿಗೆ ಸೊನ್ನೆ ಬಂತು, ನಾನು ಹೆಸರು ಓದಿದೆ. ಅವರು ಒಂದು ಮಾತೂ ಆಡಲಿಲ್ಲ. ಬ್ಯಾಗಿನಿಂದ ಪಾಸ್‌ಬುಕ್ ತೆಗೆದು ನನ್ನ ಮುಂದಿಟ್ಟರು. 13 ಸಾಲು, 13 ಸಹಿ. ಮನೆಗೆ ಬಂದು ಶೀಟ್ ತೆರೆದು ನೋಡಿದರೆ, ಉಳಿದವರ 100 ಎಲ್ಲ ಸೆಲ್‌ನ ಬಲಗಡೆಗೆ ಕೂತಿದೆ, ಅವರದ್ದು ಮಾತ್ರ ಎಡಗಡೆಗೆ. ಮೊದಲೇ ಕಣ್ಣಿಗೆ ಬೀಳಬೇಕಿತ್ತು ಅಲ್ವಾ. ಮರುದಿನವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಈಸ್‌ಬ್ಲ್ಯಾಂಕ್ ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಆ ಎರಡು ಕೋಟ್ಸ್ ಬರುವ ಸೆಲ್ಲನ್ನು ಅದೂ ಖಾಲಿ ಅನ್ನುವುದಿಲ್ಲ. ಕೌಂಟ್‌ಬ್ಲ್ಯಾಂಕ್ ಪರವಾಗಿಲ್ಲ, ಅಂಥ ಸೆಲ್ಲನ್ನೂ ಖಾಲಿ ಅಂತಲೇ ಎಣಿಸುತ್ತದೆ, 13 ಬಂದರೆ ಪೂರ್ತಿ ಖಾಲಿ. ಆದರೆ ಯಾರಾದರೂ ಅಳಿಸಲು ಡಿಲೀಟ್ ಒತ್ತುವ ಬದಲು ಸ್ಪೇಸ್ ಒತ್ತಿದ್ದರೆ ಅಲ್ಲಿ ಅದೂ ಮೋಸ ಹೋಗುತ್ತದೆ. ಕಣ್ಣಿಗೆ ಏನೂ ಕಾಣಲ್ಲ, ಆದರೆ ಆ ಸೆಲ್‌ಗೆ ಅಕ್ಷರ ಎಣಿಸುವ ಲೆನ್ ಹಾಕಿ ನೋಡಿ, 1 ಅಂತ ಬರುತ್ತದೆ.

ನಾನೀಗ ಬಳಸುತ್ತಿರುವುದು ಇದು, ಶೀಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು:

=ಸಮ್‌ಪ್ರಾಡಕ್ಟ್(--(ಲೆನ್(ಟ್ರಿಮ್(ಸಿ2:ಓ2))>0))=0

ಸ್ಪೇಸ್ ತೆಗೆದ ಮೇಲೂ ಒಂದಾದರೂ ಅಕ್ಷರ ಉಳಿಯುವ ಸೆಲ್ ಎಷ್ಟಿವೆ ಅಂತ ಇದು ಎಣಿಸುತ್ತದೆ. ಒಂದೂ ಇಲ್ಲದಿದ್ದರೆ ಮಾತ್ರ ಟ್ರೂ. ಗೂಗಲ್ ಶೀಟ್ಸ್‌ನಲ್ಲೂ ನಡೆಯುತ್ತದೆ. ಸಾಲಿನಲ್ಲಿ ಎಲ್ಲಾದರೂ ಎರರ್ ಇದ್ದರೆ ಉತ್ತರವೂ ಎರರ್ ಆಗುತ್ತದೆ, ಅದನ್ನು ಮೊದಲು ಸರಿಮಾಡಿಕೊಳ್ಳಿ. ವೆಬ್ ಪುಟದಿಂದ ಕಾಪಿ ಮಾಡಿದ್ದರಲ್ಲಿ ಇನ್ನೊಂದು ಥರದ ಸ್ಪೇಸ್ ಬರಬಹುದು, ಅದರ ಕೋಡ್ 160. ಅದನ್ನು ಟ್ರಿಮ್ ಮುಟ್ಟುವುದಿಲ್ಲ, ಸಬ್‌ಸ್ಟಿಟ್ಯೂಟ್‌ನಿಂದ ತೆಗೆಯಬೇಕು.

ಇನ್ನೊಂದು. ಫಾರ್ಮುಲಾ ಬೇಡ ಅಂತ ವ್ಯಾಲ್ಯೂಸ್ ಮಾತ್ರ ಪೇಸ್ಟ್ ಮಾಡಿದರೂ ಎಕ್ಸೆಲ್‌ನಲ್ಲಿ ಆ ಸೆಲ್‌ಗಳು ನಿಜವಾಗಿ ಖಾಲಿ ಆಗುವುದಿಲ್ಲ. ಫಾರ್ಮುಲಾ ಬಾರ್‌ನಲ್ಲಿ ಏನೂ ಇರಲ್ಲ, ಕೌಂಟ್‌ಎ ಮಾತ್ರ ಎಣಿಸುತ್ತಲೇ ಇರುತ್ತದೆ. ಅಂಥ ಸೆಲ್‌ಗಳನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಲೇಬೇಕು.