ಮಗನ ತಲೇಲಿ ನೀರಿನ ಗುಳ್ಳೆ, ದಾವಣಗೆರೆಯ ಈ ನ್ಯೂರೋ ಸರ್ಜನ್ ಹತ್ರ ತೋರಿಸಿದ್ವಿ

ನಾವು ಜಗಳೂರು ಕಡೆಯವ್ರು. 7 ವರ್ಷದ ಮಗ ಸೈಕಲ್ಲಿಂದ ಬಿದ್ದು ಎರಡ್ಸಲ ವಾಂತಿ ಮಾಡ್ಕೊಂಡ ಅಂತ ಸಿಟಿ ಸ್ಕ್ಯಾನ್ ಮಾಡಿಸಿದ್ರೆ, ಪೆಟ್ಟಿಂದ ಏನೂ ಆಗಿಲ್ಲ, ಆದ್ರೆ ಎಡಗಡೆ ಮೆದುಳಿನ ಪಕ್ಕ ಅರಕ್ನಾಯ್ಡ್ ಸಿಸ್ಟ್, ಅಂದ್ರೆ ನೀರಿನ ಗುಳ್ಳೆ ಐತೆ ಅಂತ ರಿಪೋರ್ಟ್ ಬಂತು. ಮೊದ್ಲು ತೋರಿಸಿದ ಕಡೆ ಮಗನ್ನ ಮುಟ್ಟಿ ಕೂಡ ನೋಡ್ದೆ ‘ಆಪರೇಷನ್ ಆಗ್ಬೇಕು, ದುಡ್ಡು ಹೊಂದಿಸ್ಕೊಳ್ಳಿ’ ಅಂದ್ಬಿಟ್ರು. ಅವತ್ತು ರಾತ್ರಿ ಮನೇಲಿ ಒಲೆ ಹಚ್ಚಲಿಲ್ಲ.

ಆಮೇಲೆ ನಮ್ಮಣ್ಣ ಎಂಆರ್‌ಐ ಮಾಡಿಸಿ ಇಲ್ಲಿಗೆ ಕರ್ಕೊಂಡು ಬಂದ. ಈ ಡಾಕ್ಟ್ರು ಫಿಲ್ಮ್ ಕವರ್ ಪಕ್ಕಕ್ಕಿಟ್ಟು ಮೊದ್ಲು ಮಗನ್ನ ನೋಡಿದ್ರು, ಗೆರೆ ಮೇಲೆ ನಡೆಸಿದ್ರು, ತಮ್ಮ ಬೆರಳು ಕೊಟ್ಟು ಎರಡೂ ಕೈಲಿ ಗಟ್ಟಿಯಾಗಿ ಹಿಡಿ ಅಂದ್ರು, ತಲೆ ಸುತ್ತಳತೆ ಟೇಪಲ್ಲಿ ಅಳೆದ್ರು, ಕಣ್ಣೊಳಗೆ ಲೈಟ್ ಬಿಟ್ಟು ನರ ಊದ್ಕೊಂಡಿಲ್ಲ, ಒಳಗೆ ಒತ್ತಡ ಇರೋ ಲಕ್ಷಣ ಕಾಣಿಸ್ತಿಲ್ಲ ಅಂದ್ರು. ಫಿಟ್ಸ್ ಬಂದಿತ್ತಾ, ಬೆಳಗ್ಗೆ ಏಳ್ತಾನೇ ತಲೆನೋವು ಅಂತಾನಾ ಅಂತ ಕೇಳಿದ್ರು, ಎರಡೂ ಇಲ್ಲ.

ಆಮೇಲೆ ಫಿಲ್ಮ್ ಮೇಲೆ ಬೆರಳಿಟ್ಟು, ‘ನೋಡಿಯಮ್ಮ, ಗುಳ್ಳೆ ಇರೋ ಕಡೆ ಮೂಳೆ ತೆಳ್ಳಗಾಗಿ ಸ್ವಲ್ಪ ಹೊರಗೆ ಉಬ್ಬಿದೆ, ನಿನ್ನೆ ಮೊನ್ನೆ ಆಗಿದ್ದಲ್ಲ ಇದು, ಹುಟ್ಟಿದಾಗಿಂದ ಇರೋದು’ ಅಂದ್ರು. ಮೆದುಳಿನ ಮೇಲಿನ ಒಂದು ತೆಳು ಪೊರೆ ಎರಡು ಪದರ ಆಗಿ ಮಧ್ಯೆ ನೀರು ತುಂಬಿದೆ ಅಷ್ಟೇ, ಕ್ಯಾನ್ಸರ್ ಅಲ್ಲ. ಎಪಿಡರ್ಮಾಯ್ಡ್ ಅಂತ ಇನ್ನೊಂದು ಗಡ್ಡೆ ಸಿಟಿಲಿ ಹೀಗೇ ಕಾಣುತ್ತಂತೆ, ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲಿ ಅದಾದ್ರೆ ಬೆಳ್ಳಗೆ ಹೊಳೆಯುತ್ತೆ, ಇವನದು ಕಪ್ಪಗಿತ್ತು, ಅದನ್ನೂ ತೋರಿಸಿದ್ರು.

ನಾನು ಬಸುರಿಯಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ ಸಾರ್ ಅಂತ ಕೇಳೇಬಿಟ್ಟೆ. ಪೆನ್ನು ಕೆಳಗಿಟ್ಟು ‘ಇಲ್ಲಮ್ಮ, ನೀವು ಮಾಡಿದ್ದಕ್ಕೆ ಬಂದಿದ್ದಲ್ಲ ಇದು’ ಅಂದ್ರು. ನನಗೆ ಅಳು ತಡಿಯೋಕಾಗ್ಲಿಲ್ಲ.

ಈಗ ಆಪರೇಷನ್ ಬೇಡ. ಗುಳ್ಳೆ ದೊಡ್ಡದಾಗ್ತಾ ಹೋದ್ರೆ, ಒತ್ತಡದ ಲಕ್ಷಣ ಬಂದ್ರೆ ಮಾತ್ರ ಯೋಚನೆ. ಮಾಡೋದಾದ್ರೂ ಸಾಮಾನ್ಯವಾಗಿ ಇಡೀ ಗುಳ್ಳೆ ಕಿತ್ತು ತೆಗಿಯಲ್ಲ, ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಇರೋ ಸಣ್ಣ ಕೊಳವೇಲೋ, ಬುರುಡೆ ತೆರೆದು ಮೈಕ್ರೋಸ್ಕೋಪಲ್ಲೋ ಅದರ ಗೋಡೆಗೆ ಕಿಂಡಿ ಮಾಡಿ ಒಳಗಿನ ನೀರು ಮೆದುಳಿನ ಸುತ್ತ ಹರಿಯೋ ನೀರಿಗೆ ಸೇರೋ ಹಾಗೆ ಮಾಡ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಚರ್ಮದಡಿ ಶಂಟ್ ಅನ್ನೋ ಟ್ಯೂಬ್ ಇಳಿಸಿ ಹೊಟ್ಟೆಗೆ ಬಿಡ್ತಾರೆ, ಚೀಟಿ ಹಿಂದೆ ಚಿತ್ರ ಬರೆದೇ ಹೇಳಿದ್ರು. ತಲೆಗೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳಿ, ಬಿದ್ದು ತಲೆನೋವು ವಾಂತಿ ಬಿಡ್ಲಿಲ್ಲ ಅಂದ್ರೆ ರಾತ್ರಿಯಾದ್ರೂ ಬನ್ನಿ, ಗುಳ್ಳೆ ಸುತ್ತ ರಕ್ತ ಸೇರೋ ಸಾಧ್ಯತೆ ಇರುತ್ತೆ ಅಂದ್ರು.

ಟೋಕನ್ ತಗೊಂಡು ಮೂರು ಗಂಟೆ ಕಾಯ್ಬೇಕಾಯ್ತು, ಲಿಫ್ಟ್ ಇಲ್ಲ, ವಯಸ್ಸಾದವ್ರಿಗೆ ಕಷ್ಟ. ಹೋಗೋರು ಬರೀ ರಿಪೋರ್ಟ್ ಪೇಪರ್ ಅಲ್ಲ, ಫಿಲ್ಮೂ ಸಿಡಿನೂ ತಗೊಂಡೋಗಿ, ಅವ್ರು ತಾವೇ ಹಾಕ್ಕೊಂಡು ನೋಡ್ತಾರೆ.