ರಥಬೀದಿಯ ಭಾನುವಾರದ ಪಾಠ: ಬೊಬ್ಬರ್ಯನಿಗೆ ಅರ್ಧ ಗಂಟೆ ಸಾಲದು

ಕಳೆದ ನಾಗರ ಪಂಚಮಿಯಂದು ಮೂಲ ನಾಗಬನದಲ್ಲಿ ತನು ಎರೆದು ಮನೆಗೆ ಬಂದು ಕುಳಿತಿದ್ದೆ. ಮಸ್ಕತ್‌ನಲ್ಲಿರುವ ಮೊಮ್ಮಗಳು ಫೋನ್ ಮಾಡಿದಳು. ಹನ್ನೊಂದು ವರ್ಷದ ಹುಡುಗಿ. "ಅಜ್ಜಿ, ನಾಗ ದೇವರೋ ದೈವವೋ? ಬೊಬ್ಬರ್ಯ ದೊಡ್ಡವನೋ, ಉಡುಪಿಯ ಕೃಷ್ಣ ದೊಡ್ಡವನೋ?" ಎಂದು ಕೇಳಿದಳು. ನಮ್ಮ ತುಳುನಾಡಿನಲ್ಲಿ ದೇವರು ಬೇರೆ, ಊರು ಮನೆ ಕಾಯುವ ದೈವಗಳು ಬೇರೆ; ಬೊಬ್ಬರ್ಯ ಕಡಲಿಗೆ ಹೋಗುವವರು ನಂಬುವ ದೈವ. ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದಿದ್ದೇನೆ. ಬೊಬ್ಬರ್ಯನಿಗೂ ಕೃಷ್ಣನಿಗೂ ಒಂದೇ ಭಕ್ತಿಯಿಂದ ಕೈಮುಗಿದಿದ್ದೇನೆ. ಆದರೆ ಮಗುವಿಗೆ ತಿಳಿಯುವಂತೆ ಹೇಳಲು ನನ್ನಲ್ಲಿ ಮಾತಿರಲಿಲ್ಲ.

ಆ ತಿಂಗಳೇ ಉಡುಪಿಯ ರಥಬೀದಿಯ ಹಿಂದಿನ ಓಣಿಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಮೇಲೆ ನಡೆಯುವ ತರಗತಿಗೆ ಸೇರಿದೆ. ಹಿಂದೂ ಧರ್ಮದ ಇತಿಹಾಸ ಮತ್ತು ನಂಬಿಕೆಗಳ ಪರಿಚಯ. ಹತ್ತು ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ, ಶುಲ್ಕ 1,200 ರೂಪಾಯಿ. ಕಲಿಸುವವರು ನಿವೃತ್ತ ಸಂಸ್ಕೃತ ಉಪನ್ಯಾಸಕರು. ನಾವು ಇಪ್ಪತ್ತೆರಡು ಮಂದಿ ಇದ್ದೆವು: ಮಣಿಪಾಲದ ವಿದ್ಯಾರ್ಥಿಗಳು, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು, ಕಾಪುವಿನಿಂದ ಬರುತ್ತಿದ್ದ ದಂಪತಿ, ನಾನು.

ಮೊದಲ ದಿನವೇ ಮೇಷ್ಟ್ರ ಮೇಲೆ ವಿಶ್ವಾಸ ಹುಟ್ಟಿತು. 'ಹಿಂದೂ' ಎಂಬ ಪದ ವೇದದಲ್ಲಿಲ್ಲ, ಸಿಂಧೂ ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹೀಗಾಯಿತು, ಮೊದಲಿಗೆ ಅದು ನದಿಯಾಚೆಯ ನಾಡಿನ ಹೆಸರಾಗಿತ್ತು ಎಂದು ನೇರವಾಗಿ ಹೇಳಿದರು. ಮೊಹೆಂಜೊದಾರೊದಲ್ಲಿ ಸಿಕ್ಕಿದ, ಪ್ರಾಣಿಗಳ ನಡುವೆ ಕುಳಿತ ಆಕೃತಿಯ ಮುದ್ರೆಯ ಚಿತ್ರ ತೋರಿಸಿದಾಗ ಹಿಂದಿನ ಸಾಲಿನ ಹುಡುಗನೊಬ್ಬ "ಪಶುಪತಿ!" ಎಂದ. ಹಾಗೆ ಕರೆಯುವವರಿದ್ದಾರೆ, ಆದರೆ ಆ ಲಿಪಿಯನ್ನು ಇದುವರೆಗೆ ಯಾರೂ ಓದಿಲ್ಲ, ಆದ್ದರಿಂದ ಅದು ಶಿವನೇ ಎಂದು ಹೇಳುವ ಅಧಿಕಾರ ನಮಗಿಲ್ಲ ಎಂದರು. ಧರ್ಮದ ವಿಷಯ ಬಂದಾಗ ಹೀಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವವರು ಅಪರೂಪ.

ಅದೇ ದಿನ ಅವರ ಇಬ್ಬರು ಶಿಷ್ಯರು ಋಗ್ವೇದದ ಒಂದು ಮಂತ್ರವನ್ನು ಘನಪಾಠದಲ್ಲಿ ಹೇಳಿದರು. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು ಎಂದು ಪದಗಳನ್ನು ಹಿಂದಕ್ಕೂ ಮುಂದಕ್ಕೂ ಹೆಣೆಯುವ ಕ್ರಮ ಅದು. ಹತ್ತು ಮಂಡಲ, 1,028 ಸೂಕ್ತಗಳು ಮೂರು ಸಾವಿರ ವರ್ಷ ಬಾಯಿಂದ ಬಾಯಿಗೆ ಉಳಿದು ಬಂದದ್ದು ಈ ಹೆಣಿಗೆಯಿಂದಾಗಿ. ಒಂದು ಅಕ್ಷರ ಜಾರಿದರೂ ಹೆಣಿಗೆಯಲ್ಲೇ ತಪ್ಪು ಸಿಕ್ಕಿಬೀಳುತ್ತದೆ. ಈ ಮಾತು ನನ್ನ ಮನಸ್ಸಿನಲ್ಲಿ ಹತ್ತು ವಾರವೂ ಉಳಿಯಿತು. ಕೊನೆಗೆ ನನ್ನ ತಕರಾರು ಹುಟ್ಟಿದ್ದೂ ಇದರಿಂದಲೇ.

ಈ ತರಗತಿಗೆ ಕೊಟ್ಟ ಹಣ ಸಾರ್ಥಕವಾದದ್ದು ನಾಲ್ಕನೆಯ ಭಾನುವಾರ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ. ಉದ್ದಾಲಕ ಮಗ ಶ್ವೇತಕೇತುವಿಗೆ ರಾತ್ರಿ ನೀರಿನಲ್ಲಿ ಉಪ್ಪು ಹಾಕಲು ಹೇಳುತ್ತಾನೆ. ಬೆಳಿಗ್ಗೆ "ಆ ಉಪ್ಪನ್ನು ತಾ" ಎನ್ನುತ್ತಾನೆ. ಉಪ್ಪು ಕಾಣುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ನೀರು ಕುಡಿದು ನೋಡಿದರೆ ಎಲ್ಲೆಡೆಯೂ ಉಪ್ಪೇ. ಮೀನು ಉಪ್ಪು ಹಾಕಿ ಒಣಗಿಸುವವರ ಮನೆಯಲ್ಲಿ ಹುಟ್ಟಿದ ನನಗೆ ಈ ಕತೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿಗೆ ನಾನೇ ವಿವರಿಸಿದೆ.

ಆಮೇಲೆ ಮೇಷ್ಟ್ರು ಹಲಗೆಯ ಮೇಲೆ 'ಸ ಆತ್ಮಾತತ್ತ್ವಮಸಿ' ಎಂದು ಸೇರಿಸಿ ಬರೆದರು. ಶಂಕರರು ಇದನ್ನು 'ಆತ್ಮಾ, ತತ್ ತ್ವಮ್ ಅಸಿ' ಎಂದು ಬಿಡಿಸಿದರು: ಅದೇ ನೀನು. ರಾಮಾನುಜರೂ ಬಿಡಿಸಿದ್ದು ಹಾಗೆಯೇ, ಆದರೆ ಜೀವ ಈಶ್ವರನಿಗೆ ಶರೀರವಿದ್ದಂತೆ ಎಂದು ಅರ್ಥ ಹೇಳಿದರು. ನಮ್ಮ ಪಾಜಕದಲ್ಲಿ ಹುಟ್ಟಿದ ಮಧ್ವರು 'ಆತ್ಮಾ, ಅತತ್ ತ್ವಮ್ ಅಸಿ' ಎಂದು ಬಿಡಿಸಿದರು: ಅದು ನೀನಲ್ಲ. ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿಯೊಳಗೆ ಒಂದು 'ಅ' ಅಡಗಿದೆಯೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ ಈ ವಾದ. ಮೇಷ್ಟ್ರು ಮಾಧ್ವರು, ಕೃಷ್ಣಮಠ ಅಲ್ಲಿಂದ ಕೂಗಳತೆಯ ದೂರ. ಆದರೂ ಮೂರು ಪಕ್ಷಗಳನ್ನೂ ಸಮನಾದ ಗೌರವದಿಂದ ಇಟ್ಟರು. ಕಾಪುವಿನ ದಂಪತಿಯಲ್ಲಿ ಗಂಡ ಅದ್ವೈತದ ಪರ, ಹೆಂಡತಿ ದ್ವೈತದ ಪರ ನಿಂತು ಗೋಳಿಬಜೆ ತಣ್ಣಗಾಗುವವರೆಗೂ ಚರ್ಚಿಸಿದರು.

ಆಮೇಲೆ ಅನಂತೇಶ್ವರದ ಅಂಗಳಕ್ಕೆ ನಡೆದುಕೊಂಡು ಹೋಗಿ ಪಂಚಭೇದದ ಪಾಠ ಕೇಳಿದೆವು. ಮಧ್ವರು ಶಿಷ್ಯರಿಗೆ ಪಾಠ ಹೇಳುತ್ತಿದ್ದ ಗುಡಿ ಅದು. ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವ ಜೀವಗಳಿಗೂ, ಜೀವನಿಗೂ ಜಡಕ್ಕೂ, ಜಡ ಜಡಗಳಿಗೂ ಇರುವ ಭೇದ ನಿಜ. ಲೋಕ ಭ್ರಮೆಯಲ್ಲ, ಕಡಲು ಕಡಲೇ, ದೋಣಿ ದೋಣಿಯೇ ಎನ್ನುವ ಮತ ನನ್ನ ಮನಸ್ಸಿಗೆ ಹತ್ತಿರವೆನಿಸಿತು.

ಷಡ್ದರ್ಶನಗಳ ಭಾನುವಾರ ಓಟದಲ್ಲಿ ಮುಗಿಯಿತು. ನ್ಯಾಯ, ವೈಶೇಷಿಕಗಳ ಹೆಸರು ಮಾತ್ರ ನೆನಪಿದೆ. ಕೊಟ್ಟ ಜೆರಾಕ್ಸ್ ಟಿಪ್ಪಣಿಯ ಅಕ್ಷರ ಬಹಳ ಸಣ್ಣದು, ಐವತ್ತು ದಾಟಿದವರಿಗೆ ಓದಲಾಗದು. ಕೂರುವುದು ಚಾಪೆಯ ಮೇಲೆ. ಮಂಡಿನೋವಿನವರಿಗೆ ನಾಲ್ಕೇ ಕುರ್ಚಿಗಳಿವೆ.

ಎಂಟನೆಯ ಭಾನುವಾರ ಮಂಗಳೂರಿಗೆ ಹೋದೆವು. ಬಸ್ಸಿನ ಖರ್ಚು ನಮ್ಮದೇ. ಕದ್ರಿಯಲ್ಲಿ ಮಂಜುನಾಥನ ದರ್ಶನ ಮಾಡಿ ಲೋಕೇಶ್ವರನ ಮುಂದೆ ನಿಂತೆವು. ಮೂರು ಮುಖ, ಆರು ಕೈಗಳ ಕಂಚಿನ ಮೂರ್ತಿ. ಆಳುಪ ದೊರೆ ಕುಂದವರ್ಮ 968ರಲ್ಲಿ ಕದಿರಿಕಾ ವಿಹಾರದಲ್ಲಿ ಇದನ್ನು ಸ್ಥಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರನೆಂದು ವಿದ್ವಾಂಸರು ಗುರುತಿಸುವ ಮೂರ್ತಿಗೆ ಶಿವಾಲಯದಲ್ಲಿ ಹೂವು ಏರುತ್ತಿದೆ. ಮೇಲೆ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠವಿದೆ. ಎಷ್ಟು ಸಲ ಕದ್ರಿಗೆ ಹೋಗಿದ್ದೇನೋ ಲೆಕ್ಕವಿಲ್ಲ, ಈ ಮೂರ್ತಿಯನ್ನು ನಿಂತು ನೋಡಿದ್ದು ಅಂದೇ.

ಮಧ್ಯಾಹ್ನ ಕುದ್ರೋಳಿಯ ಗೋಕರ್ಣನಾಥನ ಸನ್ನಿಧಿ. ಗುಡಿಗಳ ಒಳಗೆ ಬಿಡದಿದ್ದ ಜನರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಶಿವನನ್ನು ಪ್ರತಿಷ್ಠಾಪಿಸಿದರು. ಜಾತಿಯ ಮಾತನ್ನು ಮೇಷ್ಟ್ರು ತಪ್ಪಿಸಿಕೊಳ್ಳಲಿಲ್ಲ. ಯಾರನ್ನು ಎಷ್ಟು ಕಾಲ ಹೊರಗೆ ನಿಲ್ಲಿಸಿದ್ದೆವು ಎಂಬುದೂ ಈ ಧರ್ಮದ ಇತಿಹಾಸವೇ ಎಂದರು. ನನ್ನ ಅಜ್ಜಿಯ ನೆನಪಾಗಿ ಕಣ್ಣು ತುಂಬಿತು.

ಇಷ್ಟೆಲ್ಲ ಒಳ್ಳೆಯದಿದ್ದ ತರಗತಿಯಲ್ಲಿ ನಮ್ಮ ದೈವಗಳಿಗೆ ಸಿಕ್ಕಿದ್ದು ಒಂಬತ್ತನೆಯ ಭಾನುವಾರದ ಕೊನೆಯ ಅರ್ಧ ಗಂಟೆ. 'ಜಾನಪದ ಆಚರಣೆಗಳು' ಎಂಬ ತಲೆಬರಹದ ಕೆಳಗೆ ಪಂಜುರ್ಲಿ, ಜುಮಾದಿ, ಕೋಟಿ ಚೆನ್ನಯ, ನಾಗಮಂಡಲ ಎಲ್ಲವನ್ನೂ ಒಟ್ಟಿಗೆ ಹೇಳಿ ಮುಗಿಸಿದರು. ಬೊಬ್ಬರ್ಯನ ಹೆಸರು ಬರಲೇ ಇಲ್ಲ. ನಾನು ಎದ್ದು ನಿಂತೆ. ಬರೆಯದೆ ಬಾಯಲ್ಲೇ ಉಳಿಸಿಕೊಂಡ ವೇದವನ್ನು ಮೊದಲ ದಿನ ಅಷ್ಟು ಕೊಂಡಾಡಿದಿರಲ್ಲ, ದೈವಗಳ ಕತೆ ಹೇಳುವ ತುಳು ಹಾಡು ಪಾಡ್ದನವೂ ಬಾಯಲ್ಲೇ ಉಳಿದದ್ದಲ್ಲವೇ ಎಂದು ಕೇಳಿದೆ. ಗದ್ದೆಯಲ್ಲಿ ನೇಜಿ ನೆಡುತ್ತಾ ಹೆಂಗಸರು ಹಾಡಿ ಉಳಿಸಿದ್ದಾರೆ. ದೈವದ ವೇಷ ತೊಟ್ಟು ಕೋಲ ಕಟ್ಟುವ ಪಂಬದರು, ಪರವರು, ನಲಿಕೆಯವರು ಕಾಲಿಗೆ ಗಗ್ಗರ ಕಟ್ಟುವ ಮೊದಲು ಹಾಡಿ ಉಳಿಸಿದ್ದಾರೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ ಕತೆ ಅದರಲ್ಲಿದೆ; ಅನ್ಯಾಯಕ್ಕೆ ಒಳಗಾದವರು ದೈವವಾಗಿ ಮರಳಿ ಬಂದು ನ್ಯಾಯ ಕೇಳುವುದು ಅದರಲ್ಲಿದೆ. ಇದು ಆಚರಣೆ ಮಾತ್ರವಲ್ಲ, ನಂಬಿಕೆ. ನಂಬಿಕೆಗಳ ಪರಿಚಯ ಎಂದು ಹೆಸರಿಟ್ಟ ಮೇಲೆ ಅದಕ್ಕೆ ಒಂದು ಭಾನುವಾರ ಬೇಕು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ದೇವರಿಗೂ ದೈವಕ್ಕೂ ಏನು ವ್ಯತ್ಯಾಸ, ನೀವೇ ಹೇಳಿ ಅಕ್ಕ" ಎಂದರು. ವಾರಗಟ್ಟಲೆ ಕೇಳಿದ್ದೆಲ್ಲ ಒಟ್ಟಾಗಿ ಬಾಯಿಗೆ ಬಂತು: ದೇವರ ಮುಂದೆ ನಾವು ಹೇಳಿಕೊಳ್ಳುತ್ತೇವೆ. ದೈವ ನಮ್ಮ ಮಾತು ಕೇಳಿ ಅಲ್ಲಿಯೇ, ನಮ್ಮ ತುಳುವಿನಲ್ಲಿ, ನುಡಿ ಕೊಡುತ್ತದೆ. ಕೇಳುವುದು ಬೇರೆ, ಮರುಮಾತು ಕೊಡುವುದು ಬೇರೆ. ನಮಗೆ ಎರಡೂ ಬೇಕು. ಅವರು ಅದನ್ನು ಹಲಗೆಯ ಮೇಲೆ ಬರೆದರು. ಆ ರಾತ್ರಿ ಮಸ್ಕತ್‌ಗೆ ಫೋನ್ ಮಾಡಿ ಮೊಮ್ಮಗಳಿಗೂ ಅದನ್ನೇ ಹೇಳಿದೆ. "ಹಾಗಾದರೆ ನಾಗ?" ಎಂದಳು. ನಾಗ ಈ ನೆಲದ ಒಡೆಯ, ನಾವು ಅವನ ಜಾಗದಲ್ಲಿ ಮನೆ ಕಟ್ಟಿಕೊಂಡವರು ಎಂದೆ.

ಸೇರಬಹುದೇ ಎಂದು ಕೇಳುವವರಿಗೆ: ಖಂಡಿತ ಸೇರಿ. ದೊಡ್ಡ ಅಕ್ಷರದ ಟಿಪ್ಪಣಿ ಕೇಳಿ ಪಡೆಯಿರಿ, ಕೂರಲು ದಪ್ಪದ ದಿಂಬು ಒಯ್ಯಿರಿ. ಮುಂದಿನ ತಂಡದಲ್ಲಿ ಒಂದು ಇಡೀ ಭಾನುವಾರವನ್ನು ದೈವಗಳಿಗೆ ಕೊಡುವುದಾಗಿ ಮೇಷ್ಟ್ರು ಒಪ್ಪಿದ್ದಾರೆ. ಪಾಡ್ದನ ಬಲ್ಲ ನಮ್ಮ ನೆರೆಮನೆಯ ಹಿರಿಯಮ್ಮನನ್ನು ಅಂದು ಕರೆತರುತ್ತೇನೆಂದು ಹೇಳಿದ್ದೇನೆ. ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಅಂದಿನ ಪಾಠವನ್ನು ಕೆಳಗಿನ ಜಗಲಿಯಲ್ಲಿ ನಡೆಸಬೇಕೆಂದು ಕೇಳಿಕೊಂಡಿದ್ದೇನೆ.