ಹಳೇ ಜಾವಾ ಮಾರಲು ಹೊರಟಾಗ: ರಿಪೇರಿ ಮಾಡಿಸಿಯೋ, ಬಿಡಿಬಿಡಿಯಾಗಿಯೋ, ಇದ್ದ ಹಾಗೆಯೋ?

ಬಹಳ ವರ್ಷ ಜೊತೆಗಿದ್ದ ಜಾವಾ 250 ಬೈಕನ್ನು ಕೊನೆಗೂ ಮಾರಿದೆ. ಟೈಪ್ 353 ಅನ್ನುವ ಮಾಡೆಲ್, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ನಿಂತು ನಿಂತು ಎಂಜಿನ್ ಜಾಮ್ ಆಗಿತ್ತು. ಟ್ಯಾಂಕಿನ ಪಕ್ಕದ ಕ್ರೋಮ್ ಎದ್ದಿತ್ತು, ಸೀಟು ಹರಿದಿತ್ತು. ಆದರೆ ಎಂಜಿನ್ ನಂಬರು, ಫ್ರೇಮ್ ನಂಬರು ಎರಡೂ ದಾಖಲೆಯಲ್ಲಿದ್ದವೇ. ಪೆಟ್ರೋಲಿಗೆ ಗಾಳಿ ಬೆರೆಸುವ ಜಿಕೋವ್ ಕಂಪನಿಯ ಕಾರ್ಬುರೇಟರ್ ಕೂಡ ಮೂಲದ್ದು.

ಪೂರ್ತಿ ರಿಪೇರಿ ಮಾಡಿಸಿ ಮಾರು, ಒಳ್ಳೆ ಬೆಲೆ ಬರುತ್ತೆ ಅಂತ ಎಲ್ಲರೂ ಹೇಳಿದರು. ಸರಿ ಅಂತ ಒಂದೊಂದೇ ಕೆಲಸಕ್ಕೆ ದರ ಕೇಳಿ ಬರೆದುಕೊಂಡೆ. ಎಂಜಿನ್ ಅಂದರೆ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಮುಗಿಯಲಿಲ್ಲ. ಟೂ ಸ್ಟ್ರೋಕ್ ಗಾಡಿ ವರ್ಷಗಟ್ಟಲೆ ನಿಂತರೆ ಪಿಸ್ಟನ್ ತಿರುಗಿಸುವ ದಂಡ ಇದೆಯಲ್ಲ, ಆ ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಬಳೆಗಳು, ಅಂದರೆ ಆಯಿಲ್ ಸೀಲುಗಳು, ಗಟ್ಟಿಯಾಗಿಬಿಡುತ್ತವೆ. ಆಮೇಲೆ ಅಲ್ಲಿಂದ ಗಾಳಿ ಎಳೆಯುತ್ತದೆ. ಪೆಟ್ರೋಲ್ ಕಮ್ಮಿ, ಅದರ ಜೊತೆ ಬರುವ ಆಯಿಲೂ ಕಮ್ಮಿ. ಪಿಸ್ಟನ್ ಹಿಡಿದುಕೊಳ್ಳದೆ ಇನ್ನೇನು ಮಾಡುತ್ತದೆ? ಹಾಗಾಗಿ ಕ್ರ್ಯಾಂಕ್ ಕೆಲಸವೂ ಸೇರಿತು. ಕ್ರೋಮ್ ಇನ್ನೂ ತಲೆನೋವು. ತುಕ್ಕು ತಿಂದ ಗುಳಿಗಳನ್ನು ಉಜ್ಜಿ, ತಾಮ್ರ, ನಿಕ್ಕಲ್, ಆಮೇಲೆ ಕ್ರೋಮ್. ಪೇಂಟು, ಸೀಟು, ಟಯರು, ವೈರಿಂಗ್ ಸೇರಿಸಿದ ಮೇಲೆ ಬಂದ ಮೊತ್ತ, ಚೆನ್ನಾಗಿ ಓಡುವ 353ಗಳಿಗೆ ಜನ ಕೇಳುತ್ತಿದ್ದ ಬೆಲೆಯನ್ನೇ ದಾಟಿತ್ತು. ಅದೂ ಅಲ್ಲದೆ, ಹೊಸ ಪೇಂಟ್ ನೋಡಿದರೆ ಗಾಡಿ ಬಲ್ಲವರಿಗೆ ಖುಷಿಗಿಂತ ಅನುಮಾನವೇ ಜಾಸ್ತಿ. ಕೆಳಗೆ ಪುಟ್ಟಿ ಎಷ್ಟಿದೆ ಅಂತ ಕೇಳುತ್ತಾರೆ. ಸ್ವಂತಕ್ಕೆ ಓಡಿಸುವುದಾದರೆ ಮಾಡಿಸಿ. ಮಾರುವುದಕ್ಕಂತೂ ಬೇಡ.

ಹಳೇ ಗಾಡಿ ವ್ಯಾಪಾರಿಯೊಬ್ಬರನ್ನು ಕರೆಸಿದೆ. ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ದುಡ್ಡು ಕೈಗಿಟ್ಟು, ಗಾಡಿ ಅವರೇ ಹೇರಿಕೊಂಡು ಹೋಗುತ್ತಾರೆ. ಬಂದವರು ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟರು, ಮಡ್‌ಗಾರ್ಡ್ ತಟ್ಟಿದರು, ಇದು ಹೋಗಿದೆ ಅದೂ ಹೋಗಿದೆ ಅಂತ ಪಟ್ಟಿ ಹೇಳಿದರು. ಅವರು ಹೇಳಿದ ಬೆಲೆ ಗುಜರಿಗಿಂತ ಒಂದು ಕೈ ಮೇಲೆ, ಅಷ್ಟೇ. ನಾನು ಒಪ್ಪಲಿಲ್ಲ. ಆದರೂ ಹೊರಡುವ ಮುಂಚೆ ಬಗ್ಗಿ ಎರಡೂ ನಂಬರುಗಳ ಫೋಟೋ ಹೊಡೆದುಕೊಂಡರು! ಬೇಡದ ಗಾಡಿಗೆ ಫೋಟೋ ಯಾಕೆ ಬೇಕು, ಅಲ್ವಾ? ತುರ್ತಾಗಿ ಜಾಗ ಖಾಲಿ ಮಾಡಬೇಕಿದ್ದರೆ ಮಾತ್ರ ಈ ದಾರಿ.

ಬಿಡಿಭಾಗ ಮಾಡಿ ಮಾರಿದರೆ ಕಾಗದದ ಮೇಲೆ ಎಲ್ಲಕ್ಕಿಂತ ಜಾಸ್ತಿ ದುಡ್ಡು. ಸೈಲೆನ್ಸರ್ ಜೋಡಿ ಮಾತ್ರ ಕೊಡ್ತೀರಾ ಅಂತ ಕೇಳಿದವರೇ ಹಲವರು. ಹೆಡ್‌ಲೈಟ್, ಕಾರ್ಬುರೇಟರ್, ಟ್ಯಾಂಕ್ ಬೇಗ ಹೋಗುತ್ತವೆ. ಆಮೇಲೆ ಬರಿ ಫ್ರೇಮು, ಚಕ್ರ ಯಾರಿಗೆ ಬೇಕು? ದಾಖಲೆ ಇಲ್ಲದ ಗಾಡಿಗೆ ಇದು ಸರಿ. ಎರಡೂ ನಂಬರು ದಾಖಲೆಗೆ ಕೂಡಿದ ಗಾಡಿಯನ್ನು ಕಡಿದು ಮಾರಲು ನನಗೆ ಮನಸ್ಸು ಬರಲಿಲ್ಲ.

ಹರಾಜಿನ ಬಗ್ಗೆ ವಿಚಾರಿಸಿ ಬಿಟ್ಟೆ. ಕಮಿಷನ್, ಸಾಗಣೆ ಖರ್ಚು ಎಲ್ಲ ನಮ್ಮ ತಲೆಗೆ. ಅಪರೂಪದ ಗಾಡಿಗಾದರೆ ಗಿಟ್ಟುತ್ತೆ, 353 ಅಷ್ಟು ಅಪರೂಪವೇನಲ್ಲ.

ಉಳಿದಿದ್ದು ನೇರ ಮಾರಾಟ. "ಓಡುತ್ತಿಲ್ಲ, ಕೆಲಸ ಇದೆ" ಅಂತ ಚಿಕ್ಕದಾಗಿ ಜಾಹೀರಾತು ಹಾಕಿದಾಗ "ಲಾಸ್ಟ್ ಎಷ್ಟು?" ಅನ್ನುವ ಮೆಸೇಜುಗಳೇ ಬಂದವು. ಅದನ್ನು ತೆಗೆದು ಉದ್ದಕ್ಕೆ ಬರೆದೆ. ಟ್ಯಾಂಕಿನ ತುಕ್ಕು, ಸೀಟಿನ ಹರಿದ ಜಾಗ, ಮೂಲದ್ದಲ್ಲದ ಇಂಡಿಕೇಟರ್, ಎಲ್ಲದರ ಹತ್ತಿರದ ಫೋಟೋ ಹಾಕಿದೆ. ಬಂದ ಮೆಸೇಜು ಕಮ್ಮಿ. ಆದರೆ ಈ ಸಲ ಕೇಳಿದ್ದು ನಂಬರುಗಳ ಬಗ್ಗೆ, ಕ್ರ್ಯಾಂಕಿನ ಬಗ್ಗೆ.

ಈ ಮಧ್ಯೆ ಒಂದು ಸಣ್ಣ ಕೆಲಸ ಮಾಡಿದ್ದೆ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ತೆಳು ಎಣ್ಣೆ ಹಾಕಿ ನೆನೆಯಲು ಬಿಟ್ಟೆ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾ ಹೋದರೆ ಪಿಸ್ಟನ್ ಬಿಟ್ಟಿತು. ಜಾವಾದಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಬಂದವರಿಗೆ ಅದನ್ನೇ ತುಳಿಯಲು ಹೇಳುತ್ತಿದ್ದೆ. ಕಾಲಿಗೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಿಗಿ, ಸಿಕ್ಕ ಕೂಡಲೇ ಮಾತಿನ ವರಸೆಯೇ ಬದಲಾಗುತ್ತಿತ್ತು. ಸ್ಟಾರ್ಟ್ ಮಾತ್ರ ಮಾಡಲಿಲ್ಲ. ಬೋರಿನಲ್ಲಿ ತುಕ್ಕು, ಸೀಲು ಹಳೇದು, ಅಂತ ನೇರವಾಗಿ ಹೇಳಿದೆ. ಕೊಂಡವರಿಗೆ ಅದು ಗೊತ್ತೇ ಇತ್ತು. ಅವರ ಹತ್ತಿರ ಇನ್ನೊಂದು ಜಾವಾ ಇದೆ.

ಬಂದ ದುಡ್ಡು ವ್ಯಾಪಾರಿ ಹೇಳಿದ್ದಕ್ಕಿಂತ ಎಷ್ಟೋ ಮೇಲೆ, ಖರ್ಚಾಗಿದ್ದು ಎಣ್ಣೆಗೆ ಮಾತ್ರ. ಚೌಕಾಸಿ ಕೊನೆಗೆ ಒಂದು ಕಡೆ ನಿಂತಾಗ ಬೆಲೆ ಇಳಿಸದೆ, ಅಲ್ಲಿಯವರೆಗೆ ತೋರಿಸದಿದ್ದ ಸ್ಪೇರ್ ಡಬ್ಬ ತಂದು ಮುಂದಿಟ್ಟೆ. ಅದರಲ್ಲಿದ್ದ ಹಳೇ ಕ್ಲಚ್ ಪ್ಲೇಟು, ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಸೆಟ್ ನೋಡಿ ಒಪ್ಪಿಕೊಂಡರು. ರಶೀದಿಯಲ್ಲಿ ಎರಡೂ ನಂಬರು, "ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ" ಅನ್ನುವ ಸಾಲು ಬರೆದು ಇಬ್ಬರೂ ಸಹಿ ಹಾಕಿದೆವು. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲೇಬೇಕು.